ವಿಕ್ರಮ್ ಸಾರಾಭಾಯಿ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿಯಿಂದ ದಕ್ಷಿಣಕ್ಕೆ, ಸಾಗರವನ್ನು ಹಾದು ಮುಂದೆ ಹೋದರೆ, ಹೊಸನಗರ ತಾಲ್ಲೂಕಿನ ನಗರವೆಂಬ ಊರು ಸಿಗುತ್ತದೆ. ಕೆಳದಿಯ ಅರಸರ ಕಾಲದಲ್ಲಿ ಬಿದನೂರೆಂದು ಹೆಸರಾಗಿದ್ದ ರಾಜಧಾನಿ ಅದೇ. 2018ರಲ್ಲಿ ಅಲ್ಲಿಯ ಕೋಟೆಯ ಪಾಳುಬಾವಿಯೊಂದರ ಕೆಸರನ್ನು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು. ಅವು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಯುದ್ಧ ರಾಕೆಟುಗಳು. ಹೈದರನು ಬಿದನೂರನ್ನು ಗೆದ್ದುಕೊಂಡದ್ದು 1763ರಲ್ಲಿ. ಮೈಸೂರಿನ ಸೈನಿಕರು ಹಾರಿಸುತ್ತಿದ್ದ ಈ ರಾಕೆಟುಗಳು ಇಂಗ್ಲಿಷರ ದಂಡನ್ನು ಅನೇಕ ಸಲ ಕಂಗೆಡಿಸಿದ್ದವು. ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವುಗಳಲ್ಲಿ ಕೆಲವು ಇಂಗ್ಲೆಂಡನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತನು ಅವನ್ನು ಪರೀಕ್ಷಿಸಿ ತನ್ನ ದೇಶದ ಸೇನೆಗಾಗಿ ಹೊಸ ರಾಕೆಟುಗಳನ್ನು ಸಿದ್ಧಪಡಿಸಿದನು. ವಿದ್ಯೆ ಹುಟ್ಟಿದ ನೆಲದಲ್ಲಿ ಮಾತ್ರ ಅದು ಬಾವಿಯ ತಳದ ಕೆಸರಿನಲ್ಲಿ ಹೂತುಹೋಯಿತು.

ಬಿದನೂರು ಹೈದರನ ಕೈಸೇರಿ ಸರಿಯಾಗಿ ಇನ್ನೂರು ವರ್ಷಗಳಾದ ಮೇಲೆ, 1963ರ ನವೆಂಬರ್ 21ರ ಸಂಜೆ, ಕೇರಳದ ಕಡಲ ತೀರದಿಂದ ಇನ್ನೊಂದು ರಾಕೆಟು ಆಕಾಶಕ್ಕೆ ಏರಿತು. ಅದರ ತುದಿಯಲ್ಲಿ ಶತ್ರುವನ್ನು ಕೊಲ್ಲುವ ಅಲಗು ಇರಲಿಲ್ಲ. ಹಿಡಿಯಷ್ಟು ಸೋಡಿಯಂ ಇತ್ತು. ಅದನ್ನು ಹಾರಿಸುವ ಏರ್ಪಾಟಿನ ಹಿಂದೆ ಇದ್ದವರು ಡಾ. ವಿಕ್ರಮ್ ಸಾರಾಭಾಯಿ.

ವಿಕ್ರಮ್ ಸಾರಾಭಾಯಿಯವರು 1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಸಾರಾಭಾಯಿಯವರು ಹೆಸರಾಂತ ಬಟ್ಟೆ ಗಿರಣಿಯ ಒಡೆಯರು, ತಾಯಿ ಸರಳಾದೇವಿ. ಸಂಪತ್ತಿನ ಜೊತೆಗೆ ದೇಶದ ಚಿಂತೆಯೂ ವಾಸವಾಗಿದ್ದ ಮನೆ ಅದು. ಗಾಂಧೀಜಿ, ರವೀಂದ್ರನಾಥ ಠಾಕೂರರಂಥವರು ಆ ಮನೆಗೆ ಪರಿಚಿತರು. ವಿಕ್ರಮರು ಹುಟ್ಟುವ ಹಿಂದಿನ ವರ್ಷವಷ್ಟೇ ಅಹಮದಾಬಾದಿನ ಗಿರಣಿ ಕಾರ್ಮಿಕರು ಗಾಂಧೀಜಿಯ ಮಾರ್ಗದರ್ಶನದಲ್ಲಿ ಮುಷ್ಕರ ಹೂಡಿದ್ದರು. ಆಗ ಕಾರ್ಮಿಕರ ಪರವಾಗಿ ನಿಂತವರು ಅಂಬಾಲಾಲರ ಒಡಹುಟ್ಟಿದ ಅನಸೂಯಾ. ಮಾಲೀಕರ ಪರವಾಗಿ ನಿಂತವರು ಅಂಬಾಲಾಲರು. ಅಕ್ಕ ತಮ್ಮಂದಿರ ವಿಶ್ವಾಸ ಇದರಿಂದ ಮುರಿಯಲಿಲ್ಲವೆಂಬುದು ಆ ಮನೆಯ ದೊಡ್ಡತನ. ಭಿನ್ನಾಭಿಪ್ರಾಯವನ್ನು ಸಹಿಸುವ ಗುಣ ವಿಕ್ರಮರಿಗೆ ಬಂದದ್ದು ಇಲ್ಲಿಂದಲೇ ಇರಬೇಕು.

ಮಕ್ಕಳನ್ನು ಹೊರಗಿನ ಶಾಲೆಗೆ ಕಳುಹಿಸದೆ ತಂದೆ ತಾಯಿಗಳು ಮನೆಯ ಆವರಣದಲ್ಲಿಯೇ ಶಾಲೆಯೊಂದನ್ನು ನಡೆಸಿದರು. ಅನಂತರ ವಿಕ್ರಮರು ಗುಜರಾತ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. 1940ರಲ್ಲಿ ಅಲ್ಲಿಯ ಪದವಿಯೇನೋ ಕೈಸೇರಿತು. ಆದರೆ ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಭುಗಿಲೆದ್ದಿತ್ತು. ಅಲ್ಲಿಯೇ ಉಳಿದು ಸಂಶೋಧನೆಯನ್ನು ಮುಂದುವರಿಸುವಂತಿರಲಿಲ್ಲ. ಸ್ವದೇಶಕ್ಕೆ ಮರಳಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, ಸರ್ ಸಿ. ವಿ. ರಾಮನ್ನರ ಶಿಷ್ಯರಾದರು.

ಬೆಂಗಳೂರಿನಲ್ಲಿ ಕಳೆದ ಆ ಐದು ವರ್ಷಗಳು ಸಾರಾಭಾಯಿಯವರ ಬಾಳಿನ ದಿಕ್ಕನ್ನು ನಿರ್ಧರಿಸಿದವು. ಯುದ್ಧದ ಕಾರಣದಿಂದ ಸ್ವದೇಶದಲ್ಲಿಯೇ ಉಳಿಯಬೇಕಾಗಿ ಬಂದಿದ್ದ ಹೋಮಿ ಭಾಭಾ ಅವರೂ ಆಗ ಅದೇ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆಯಲ್ಲಿ ತೊಡಗಿದ್ದರು. ವಿಶ್ವಕಿರಣಗಳೆಂದರೆ ಬಾಹ್ಯಾಕಾಶದಿಂದ ಎಡೆಬಿಡದೆ ಭೂಮಿಯ ಮೇಲೆ ಸುರಿಯುವ, ಕಣ್ಣಿಗೆ ಕಾಣದ, ಅತಿ ವೇಗದ ಕಣಗಳು. ಸಾರಾಭಾಯಿಯವರು ಈ ಕಣಗಳನ್ನು ಎಣಿಸುವ ಉಪಕರಣಗಳನ್ನು ಜೋಡಿಸಿ, ಹಗಲಿರುಳೆನ್ನದೆ ಅವುಗಳ ಏರಿಳಿತವನ್ನು ದಾಖಲಿಸತೊಡಗಿದರು. 1942ರಲ್ಲಿ ಅವರ ಮೊದಲ ಸಂಶೋಧನ ಲೇಖನವು ಪ್ರಕಟವಾಯಿತು. ಬೆಂಗಳೂರಿನಲ್ಲಿಯೇ ಅವರಿಗೆ ನೃತ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯವಾಗಿ, ಅದೇ ವರ್ಷ ಅವರ ವಿವಾಹವೂ ನಡೆಯಿತು. ಭಾರತ ಬಿಟ್ಟು ತೊಲಗಿ ಚಳವಳಿಯಿಂದ ದೇಶವೆಲ್ಲ ಕುದಿಯುತ್ತಿದ್ದ ದಿನಗಳವು.

ವಿಶ್ವಕಿರಣಗಳ ಅಭ್ಯಾಸಿಗೆ ಒಂದು ತೊಡಕು ಬೇಗನೆ ಎದುರಾಗುತ್ತದೆ. ನೆಲವನ್ನು ತಲಪುವ ವೇಳೆಗೆ ಆ ಕಿರಣಗಳು ದಟ್ಟವಾದ ವಾಯುಮಂಡಲದೊಡನೆ ಹೋರಾಡಿ ರೂಪಾಂತರ ಹೊಂದಿರುತ್ತವೆ. ಅವುಗಳ ನಿಜರೂಪವನ್ನು ಕಾಣಬೇಕಾದರೆ ಎತ್ತರಕ್ಕೆ ಏರಬೇಕು. ಆದುದರಿಂದಲೇ ಸಾರಾಭಾಯಿಯವರು ಬೆಂಗಳೂರಿನ ಪ್ರಯೋಗಾಲಯವನ್ನು ಬಿಟ್ಟು, 1943ರಲ್ಲಿ ತಮ್ಮ ಉಪಕರಣಗಳನ್ನು ಕಾಶ್ಮೀರದ ಹಿಮಾಲಯಕ್ಕೆ ಒಯ್ದರು. ಆದರೆ ಬೆಟ್ಟ ಎಷ್ಟು ಎತ್ತರವಿದ್ದರೂ ಅದಕ್ಕೊಂದು ಶಿಖರವುಂಟು. ಬಲೂನುಗಳು ಬೆಟ್ಟಕ್ಕಿಂತ ಮೇಲೇರುತ್ತವೆ. ಮೂವತ್ತು ನಲವತ್ತು ಕಿಲೋಮೀಟರಿನ ಆಚೆಗೆ ಅವೂ ಸೋಲುತ್ತವೆ. ಇನ್ನೂ ಮೇಲಕ್ಕೆ ಹೋಗಬೇಕಾದರೆ ರಾಕೆಟೇ ಗತಿ. ಇಪ್ಪತ್ತು ವರ್ಷಗಳ ಅನಂತರ ಅವರು ರಾಕೆಟಿನ ಕೆಲಸಕ್ಕೆ ಕೈಹಾಕಿದಾಗ ಹಲವರಿಗೆ ಅಚ್ಚರಿಯಾಯಿತು. ಆದರೆ ಅದು ಬೆಂಗಳೂರಿನಲ್ಲಿ ಆರಂಭವಾದ ಏರುದಾರಿಯ ಮುಂದಿನ ಮೆಟ್ಟಿಲೇ ಆಗಿತ್ತು.

ಯುದ್ಧವು ಮುಗಿದ ಮೇಲೆ ಅವರು ಮತ್ತೆ ಕೇಂಬ್ರಿಜ್‌ಗೆ ಹೋಗಿ, ಉಷ್ಣವಲಯದ ವಿಶ್ವಕಿರಣಗಳನ್ನು ಕುರಿತ ಪ್ರೌಢಪ್ರಬಂಧಕ್ಕಾಗಿ 1947ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ದೇಶವು ಸ್ವತಂತ್ರವಾದ ಮೂರೇ ತಿಂಗಳಲ್ಲಿ, ಆ ವರ್ಷದ ನವೆಂಬರ್ 11ರಂದು, ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾಲಯವನ್ನು ಸ್ಥಾಪಿಸಿದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ. ಸಂಸ್ಥೆಯ ಮೊದಲ ನಿರ್ದೇಶಕರ ಪೀಠದಲ್ಲಿ ತಾವು ಕೂರದೆ, ಹಿರಿಯ ವಾಯುವಿಜ್ಞಾನಿ ಕೆ. ಆರ್. ರಾಮನಾಥನ್ ಅವರನ್ನು ಕೂರಿಸಿದರು. ಬಟ್ಟೆ ಗಿರಣಿಗಳಿಗಾಗಿ ಒಂದು ಸಂಶೋಧನ ಸಂಸ್ಥೆ, ಆಡಳಿತ ಶಿಕ್ಷಣಕ್ಕಾಗಿ ಇನ್ನೊಂದು, ಪತ್ನಿಯೊಡನೆ ನೃತ್ಯ ನಾಟಕಗಳಿಗಾಗಿ ಮತ್ತೊಂದು, ಹೀಗೆ ಅವರು ಕಟ್ಟಿದ ಸಂಸ್ಥೆಗಳ ಪಟ್ಟಿ ಉದ್ದವಾದುದು. ಇಲ್ಲಿ ಅವುಗಳನ್ನೆಲ್ಲ ವಿವರಿಸುವ ಅಗತ್ಯವಿಲ್ಲ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಜಗತ್ತಿನ ಕಣ್ಣು ಅದರತ್ತ ಹೊರಳಿತು. ಸಾರಾಭಾಯಿಯವರ ದೃಷ್ಟಿ ಮಾತ್ರ ಇನ್ನೂ ಕೆಳಗಿನ ಒಂದು ಪ್ರದೇಶದಲ್ಲಿ ನೆಟ್ಟಿತ್ತು. ಬಲೂನು ಏರಲಾರದ, ಉಪಗ್ರಹವು ಇಳಿಯಲಾರದ ಒಂದು ನಡುವಣ ಪ್ರದೇಶ ಆಕಾಶದಲ್ಲಿದೆ. ನೆಲದಿಂದ ಸುಮಾರು ನಲವತ್ತು ಕಿಲೋಮೀಟರಿನಿಂದ ಇನ್ನೂರು ಕಿಲೋಮೀಟರಿನವರೆಗೆ ಅದರ ವ್ಯಾಪ್ತಿ. ಉಪಗ್ರಹವು ಅಲ್ಲಿಗೆ ಇಳಿದರೆ ಗಾಳಿಯ ತಡೆಯಿಂದ ಬೇಗನೆ ಕೆಳಗುರುಳಿ ಉರಿದುಹೋಗುತ್ತದೆ. ಆ ಪ್ರದೇಶವನ್ನು ನೇರವಾಗಿ ಹೊಕ್ಕು ನೋಡಬಲ್ಲ ಸಾಧನ ಶೋಧಕ ರಾಕೆಟ್ ಒಂದೇ. ದೋಣಿಯವನು ಗಳವನ್ನು ನೀರಿಗೆ ಇಳಿಸಿ ಆಳವನ್ನು ತಿಳಿಯುವಂತೆ, ಈ ರಾಕೆಟು ಉಪಕರಣಗಳನ್ನು ಹೊತ್ತು ಆಕಾಶದ ಆಳವನ್ನು ತಿಳಿಯುತ್ತದೆ. ಅದು ಭೂಮಿಯನ್ನು ಸುತ್ತುವುದಿಲ್ಲ. ಕವಣೆಯ ಕಲ್ಲಿನಂತೆ ಮೇಲೇರಿ, ತುದಿಯನ್ನು ಮುಟ್ಟಿ, ಕೆಲವೇ ನಿಮಿಷಗಳಲ್ಲಿ ಕೆಳಗೆ ಬೀಳುತ್ತದೆ. ಆ ಕೆಲವು ನಿಮಿಷಗಳಲ್ಲಿ ಅದು ರೇಡಿಯೊ ಮೂಲಕ ಕಳುಹಿಸುವ ಸುದ್ದಿಗಾಗಿ ವಿಜ್ಞಾನಿಗಳು ತಿಂಗಳುಗಟ್ಟಲೆ ದುಡಿದಿರುತ್ತಾರೆ.

ಇಂಥ ರಾಕೆಟನ್ನು ಹಾರಿಸಲು ಭಾರತಕ್ಕಿಂತ ಅನುಕೂಲವಾದ ಸ್ಥಳ ಅಪೂರ್ವ. ಭೂಮಿಯ ಕಾಂತೀಯ ಸಮಭಾಜಕ ರೇಖೆಯು ನಮ್ಮ ದೇಶದ ದಕ್ಷಿಣದ ತುದಿಯ ಮೇಲೆ ಹಾದುಹೋಗುತ್ತದೆ. ಅದರ ನೆತ್ತಿಯ ಮೇಲೆ ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಹಗಲುಹೊತ್ತು ಪ್ರಬಲವಾದ ವಿದ್ಯುತ್ ಪ್ರವಾಹವು ಹೊಳೆಯಂತೆ ಹರಿಯುತ್ತಿರುತ್ತದೆ. ಅದನ್ನು ಪರೀಕ್ಷಿಸಲು ಪರದೇಶಗಳ ವಿಜ್ಞಾನಿಗಳೂ ಕಾತರರಾಗಿದ್ದರು. ಬಡ ದೇಶವೊಂದು ತನ್ನಲ್ಲಿ ಹಣವಿಲ್ಲದಿದ್ದರೂ ತನ್ನ ಭೂಗೋಳದ ಭಾಗ್ಯವನ್ನು ಮುಂದಿಟ್ಟು ಜಗತ್ತಿನ ಸಹಕಾರವನ್ನು ಪಡೆಯಬಹುದೆಂಬುದನ್ನು ಸಾರಾಭಾಯಿಯವರು ಗುರುತಿಸಿದರು. ಇದು ವಿಜ್ಞಾನಿಯ ಬುದ್ಧಿ ಮಾತ್ರವಲ್ಲ, ವ್ಯಾಪಾರಸ್ಥರ ಮನೆತನದ ಬುದ್ಧಿಯೂ ಹೌದು.

1962ರಲ್ಲಿ ಭಾರತ ಸರ್ಕಾರವು ಬಾಹ್ಯಾಕಾಶ ಸಂಶೋಧನೆಗಾಗಿ ರಾಷ್ಟ್ರೀಯ ಸಮಿತಿಯೊಂದನ್ನು ನೇಮಿಸಿ, ಸಾರಾಭಾಯಿಯವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಅಣುಶಕ್ತಿ ಇಲಾಖೆಯ ಮುಖ್ಯಸ್ಥರಾಗಿದ್ದ ಭಾಭಾ ಅವರು ಬೆನ್ನಿಗಿದ್ದರು. ತಿರುವನಂತಪುರದ ಸಮೀಪದಲ್ಲಿರುವ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ಉಡಾವಣೆಗೆ ಆರಿಸಲಾಯಿತು. ಆದರೆ ಆರಿಸಿದ ನೆಲದಲ್ಲಿ ಮಗ್ದಲೇನ ಮರಿಯಳ ಹೆಸರಿನ ಹಳೆಯ ಇಗರ್ಜಿಯಿತ್ತು, ಬಿಷಪ್ಪರ ಮನೆಯಿತ್ತು, ಬೆಸ್ತರ ಗುಡಿಸಲುಗಳಿದ್ದವು. ತಲೆತಲಾಂತರದಿಂದ ಪ್ರಾರ್ಥನೆ ಸಲ್ಲಿಸಿದ ದೇವಾಲಯವನ್ನು ಯಾರು ತಾನೆ ಬಿಟ್ಟುಕೊಟ್ಟಾರು? ಬಲವಂತ ಮಾಡಿದ್ದರೆ ಆ ಕೆಲಸವು ಆರಂಭದಲ್ಲಿಯೇ ಕಹಿಯಾಗುತ್ತಿತ್ತು. ಅಬ್ದುಲ್ ಕಲಾಂ ಅವರು ಬರೆದಿಟ್ಟಿರುವಂತೆ, ಸಾರಾಭಾಯಿಯವರು ನೇರವಾಗಿ ಬಿಷಪ್ ಪೀಟರ್ ಬರ್ನಾರ್ಡ್ ಪೆರೈರಾ ಅವರನ್ನು ಕಂಡು ತಮ್ಮ ಉದ್ದೇಶವನ್ನು ತಿಳಿಸಿದರು. ಬಿಷಪ್ಪರು ಉತ್ತರವನ್ನು ತಾವೇ ಕೊಡದೆ, ಭಾನುವಾರದ ಪ್ರಾರ್ಥನೆಗೆ ಬರುವಂತೆ ಹೇಳಿದರು. ಆ ದಿನ ನೆರೆದ ಭಕ್ತರ ಮುಂದೆ ವಿಷಯವನ್ನಿಟ್ಟು, ವಿಜ್ಞಾನದ ಕೆಲಸಕ್ಕಾಗಿ ದೇವರ ಮನೆಯನ್ನು ಬಿಟ್ಟುಕೊಡಬಹುದೇ ಎಂದು ಅವರನ್ನೇ ಕೇಳಿದರು. ಸಭೆಯು ಒಪ್ಪಿತು. ಅಕ್ಷರ ಬಲ್ಲವರು ವಿರಳವಾಗಿದ್ದ ಆ ಬೆಸ್ತರ ಒಪ್ಪಿಗೆಯಿಲ್ಲದಿದ್ದರೆ ಭಾರತದ ಅಂತರಿಕ್ಷ ಪ್ರಯತ್ನದ ಕಥೆ ಬೇರೆಯೇ ಆಗಿರುತ್ತಿತ್ತು. ಅವರ ಹೆಸರುಗಳು ಮಾತ್ರ ಯಾವ ಫಲಕದ ಮೇಲೂ ಪ್ರಸಿದ್ಧವಾಗಲಿಲ್ಲ.

ಇಗರ್ಜಿಯ ಕಟ್ಟಡವು ಕಚೇರಿಯೂ ಕಾರ್ಯಾಗಾರವೂ ಆಯಿತು. ಅಮೆರಿಕದಲ್ಲಿ ತರಬೇತು ಪಡೆದು ಬಂದ ಬೆರಳೆಣಿಕೆಯ ತರುಣರು ಅಲ್ಲಿ ಕೆಲಸಕ್ಕೆ ನಿಂತರು. ಕಲಾಂ ಅವರಲ್ಲಿ ಒಬ್ಬರು. ಮೋಟಾರು ವಾಹನಗಳು ಸಾಲದೆ ಸಲಕರಣೆಗಳನ್ನು ಬೈಸಿಕಲ್ಲಿನ ಮೇಲೆ ಸಾಗಿಸಿದ್ದೂ ಉಂಟು. ರಾಕೆಟು ಅಮೆರಿಕದ ಕೊಡುಗೆ. ನೈಕಿ-ಅಪಾಚೆ ಎಂದು ಅದರ ಹೆಸರು. ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಉಡಾವಣೆಯ ದಿನ ರಾಕೆಟನ್ನು ಎತ್ತಿ ನಿಲ್ಲಿಸುವ ಯಂತ್ರವು ಸೋರತೊಡಗಿದಾಗ, ನೆರೆದವರೆಲ್ಲ ಕೈಗೂಡಿಸಿ ತೋಳ್ಬಲದಿಂದ ಅದನ್ನು ಸ್ಥಾನಕ್ಕೆ ತರಬೇಕಾಯಿತು.

ಸೂರ್ಯನು ಕಡಲಿಗಿಳಿದು ನೆಲದ ಮೇಲೆ ಕತ್ತಲು ಕವಿಯುವ ಗಳಿಗೆಯನ್ನೇ ಉಡಾವಣೆಗೆ ಗೊತ್ತುಮಾಡಿದ್ದರು. ಅದಕ್ಕೆ ಕಾರಣವಿತ್ತು. ನೆಲದಲ್ಲಿ ಕತ್ತಲಾದಾಗಲೂ ನೂರು ಕಿಲೋಮೀಟರಿನ ಮೇಲೆ ಬಿಸಿಲು ಇರುತ್ತದೆ. ಅಲ್ಲಿ ರಾಕೆಟು ಚೆಲ್ಲಿದ ಸೋಡಿಯಂ ಆವಿಯು ಆ ಬಿಸಿಲಿನಲ್ಲಿ ಕಿತ್ತಳೆ ಬಣ್ಣದ ಮೋಡವಾಗಿ ಬೆಳಗುತ್ತದೆ. ಮೋಡವು ಯಾವ ಕಡೆಗೆ, ಎಷ್ಟು ಬೇಗ ಸರಿಯುತ್ತದೆಂಬುದನ್ನು ಬೇರೆ ಬೇರೆ ಊರುಗಳಿಂದ ಛಾಯಾಚಿತ್ರ ತೆಗೆದು ಲೆಕ್ಕ ಹಾಕಿದರೆ, ಅಷ್ಟೆತ್ತರದ ಗಾಳಿಯ ದಿಕ್ಕೂ ವೇಗವೂ ತಿಳಿಯುತ್ತವೆ. ಆ ಸಂಜೆ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಕೇರಳದ ಜನರು ಬೀದಿಗೆ ಬಂದು ಆಕಾಶದ ಆ ಹೊಸ ಬಣ್ಣವನ್ನು ನೋಡಿದರು. ಸೋಡಿಯಂ ಚೆಲ್ಲಿ ಬರಿದಾದ ರಾಕೆಟು ಅರಬ್ಬೀ ಸಮುದ್ರವನ್ನು ಸೇರಿತು.

ಹೊಗಳಿಕೆಯ ಜೊತೆಗೆ ಟೀಕೆಯೂ ಬಂದಿತು. ಹಸಿದ ಜನರಿರುವ ದೇಶಕ್ಕೆ ರಾಕೆಟಿನ ಆಟವೇಕೆಂದು ಅನೇಕರು ಕೇಳಿದರು. ಅದು ಸುಳ್ಳು ಪ್ರಶ್ನೆಯಾಗಿರಲಿಲ್ಲ. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟು, ಅಮೆರಿಕದಿಂದ ಹಡಗುಗಳಲ್ಲಿ ಬಂದ ಗೋಧಿಯಿಂದ ದೇಶವು ಹೊಟ್ಟೆ ಹೊರೆದ ಕಾಲವದು. ಸಾರಾಭಾಯಿಯವರು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಚಂದ್ರನನ್ನು ಮುಟ್ಟುವ ಪೈಪೋಟಿ ನಮಗೆ ಬೇಡ. ಆದರೆ ಮುಂದುವರಿದ ವಿಜ್ಞಾನವನ್ನು ಜನರ ನಿತ್ಯದ ಕಷ್ಟಗಳಿಗೆ ಅನ್ವಯಿಸುವುದರಲ್ಲಿ ನಾವು ಹಿಂದೆ ಬೀಳಬಾರದು ಎಂಬುದು ಅವರ ವಾದದ ಸಾರ. ಮಳೆಯ ಮಾತನ್ನೇ ತೆಗೆದುಕೊಳ್ಳಬಹುದು. ಉಳವಿಯಂಥ ಮಲೆನಾಡಿನ ಸೆರಗಿನ ಊರಿನಲ್ಲಿ ಭತ್ತದ ಗದ್ದೆಯವನು ಜೂನ್ ತಿಂಗಳಲ್ಲಿ ಮುಗಿಲು ನೋಡುತ್ತಾನೆ. ಆ ಮುಗಿಲನ್ನು ತರುವ ಗಾಳಿ ಹುಟ್ಟುವುದು ಸಾವಿರಾರು ಮೈಲಿ ದೂರದ ಸಾಗರದ ಮೇಲೆ; ಅದರ ಚಲನೆಗೂ ಮೇಲಿನ ವಾಯುಸ್ತರಗಳ ಚಲನೆಗೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಆ ಎತ್ತರದ ಗಾಳಿಯನ್ನು ಮತ್ತೆ ಮತ್ತೆ ಅಳೆಯಲೇಬೇಕು. 1970ರಿಂದ ತುಂಬಾದಲ್ಲಿ ಸೋವಿಯತ್ ದೇಶದ ಎಂ-100 ರಾಕೆಟುಗಳನ್ನು ಇದಕ್ಕಾಗಿ ವಾರಕ್ಕೊಮ್ಮೆ ಹಾರಿಸಲಾಯಿತು.

ಎರವಲು ರಾಕೆಟಿನಿಂದ ಸಾರಾಭಾಯಿಯವರು ತೃಪ್ತರಾಗಲಿಲ್ಲ. 1967ರ ನವೆಂಬರ್ 20ರಂದು ರೋಹಿಣಿ-75 ಎಂಬ ಸ್ವದೇಶಿ ರಾಕೆಟು ತುಂಬಾದಿಂದ ಹಾರಿತು. ಅದರ ಅಡ್ಡಳತೆ ಕೇವಲ 75 ಮಿಲಿಮೀಟರ್. ಕೈಯಲ್ಲಿ ಹಿಡಿಯಬಹುದಾದಷ್ಟು ದಪ್ಪ. ಗಾತ್ರದಲ್ಲಿ ಅದು ನಗರದ ಬಾವಿಯ ಕೊಳವೆಗಳ ಸಮೀಪದ ನಂಟನಂತಿತ್ತೆಂದರೆ ತಪ್ಪಿಲ್ಲ. ಆದರೆ ಅದರ ಇಂಧನ, ಕೋಶ, ಮೂತಿ ಎಲ್ಲವನ್ನೂ ನಮ್ಮವರೇ ಲೆಕ್ಕ ಹಾಕಿ ಕೂಡಿಸಬೇಕಾಗಿತ್ತು. ದೊಡ್ಡ ರಾಕೆಟನ್ನು ಕಟ್ಟುವ ಕೈಗಳು ಪಳಗಿದ್ದು ಈ ಚಿಕ್ಕದರ ಮೇಲೆ. 1968ರ ಫೆಬ್ರವರಿ 2ರಂದು ಪ್ರಧಾನಿ ಇಂದಿರಾಗಾಂಧಿಯವರು ತುಂಬಾ ಕೇಂದ್ರವನ್ನು ವಿಶ್ವಸಂಸ್ಥೆಗೆ ಸಮರ್ಪಿಸಿದರು. ಅಮೆರಿಕ, ರಷ್ಯ, ಫ್ರಾನ್ಸ್ ದೇಶಗಳವರು ಶೀತಲ ಸಮರದ ಆ ದಿನಗಳಲ್ಲಿಯೂ ಒಂದೇ ಮರಳದಂಡೆಯ ಮೇಲೆ ಕೂಡಿ ದುಡಿದರು.

1966ರ ಜನವರಿಯಲ್ಲಿ ಭಾಭಾ ಅವರು ವಿಮಾನ ಅಪಘಾತದಲ್ಲಿ ಮಡಿದಾಗ, ಅಣುಶಕ್ತಿ ಆಯೋಗದ ಅಧ್ಯಕ್ಷ ಪದವಿಯೂ ಸಾರಾಭಾಯಿಯವರ ಹೆಗಲೇರಿತು. 1969ರ ಆಗಸ್ಟ್ 15ರಂದು ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆ ಸ್ಥಾಪನೆಗೊಂಡಿತು. ಮುಂಬಯಿಯಲ್ಲಿ ಒಂದು ಹೊಣೆ, ಅಹಮದಾಬಾದಿನಲ್ಲಿ ಇನ್ನೊಂದು, ತುಂಬಾದಲ್ಲಿ ಮತ್ತೊಂದು. ಒಬ್ಬ ಮನುಷ್ಯನು ಹೊರಬಹುದಾದುದಕ್ಕಿಂತ ಹೆಚ್ಚಿನ ಭಾರವನ್ನು ಅವರು ಹೊತ್ತರೆಂದೇ ಹೇಳಬೇಕು. ಅವರಿಗೆ ಅದನ್ನು ಇಳಿಸಿಕೊಳ್ಳುವ ಕಲೆ ತಿಳಿದಿರಲಿಲ್ಲ.

ತರುಣರನ್ನು ನಂಬುವ ಕಲೆ ಮಾತ್ರ ಚೆನ್ನಾಗಿ ತಿಳಿದಿತ್ತು. ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಅಹಮದಾಬಾದಿನಲ್ಲಿ ಸಾರಾಭಾಯಿಯವರ ಮಾರ್ಗದರ್ಶನದಲ್ಲಿಯೇ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದವರು. ಅಮೆರಿಕದಲ್ಲಿ ಕೆಲಸ ಮಾಡಿ 1966ರಲ್ಲಿ ಹಿಂದಿರುಗಿದ ಅವರಿಗೆ, ದೇಶದ ಮೊದಲ ಉಪಗ್ರಹವನ್ನು ಕಟ್ಟುವ ಹೊಣೆಯನ್ನು ಗುರುಗಳು ವಹಿಸಿದರು. ಆ ಉಪಗ್ರಹವು ಬೆಂಗಳೂರಿನ ಪೀಣ್ಯದ ತಗಡಿನ ಷೆಡ್ಡುಗಳಲ್ಲಿ ಸಿದ್ಧವಾಯಿತು. ಆರ್ಯಭಟ ಎಂಬ ಹೆಸರನ್ನು ಹೊತ್ತು 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಅದೇ ವರ್ಷದ ಆಗಸ್ಟಿನಿಂದ ಒಂದು ವರ್ಷದ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಿಕ್ಷಣಗಳ ಪಾಠಗಳು ದೂರದರ್ಶನದಲ್ಲಿ ತಲಪಿದವು. ಅದಕ್ಕೆ ಬೇಕಾದ ಒಪ್ಪಂದವು 1969ರಲ್ಲಿಯೇ ಸಾರಾಭಾಯಿಯವರ ಪ್ರಯತ್ನದಿಂದ ಆಗಿತ್ತು.

ಇವೆರಡನ್ನೂ ನೋಡಲು ಅವರು ಉಳಿದಿರಲಿಲ್ಲ. 1971ರ ಡಿಸೆಂಬರ್ ಕೊನೆಯಲ್ಲಿ ಕಾರ್ಯನಿಮಿತ್ತ ತುಂಬಾಕ್ಕೆ ಹೋಗಿದ್ದ ಅವರು, 30ರಂದು ಸಮೀಪದ ಕೋವಳಂನಲ್ಲಿ ನಿದ್ರೆಯಲ್ಲಿಯೇ ಅಸುನೀಗಿದರು. ಆಗ ಅವರಿಗೆ ಐವತ್ತೆರಡೇ ವರ್ಷ. ಮೊದಲ ರಾಕೆಟು ಹಾರಿದ ತೀರದಿಂದ ಆ ಸ್ಥಳ ಬಹಳ ದೂರವೇನೂ ಅಲ್ಲ. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಅವರು ಬಿಟ್ಟುಹೋದ ಕೆಲಸವು ಸತೀಶ್ ಧವನ್ ಅವರ ಕೈಸೇರಿ, ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿಗೆ ಬಂದಿತು. ತರುಣ ಸಾರಾಭಾಯಿಯವರು ವಿಶ್ವಕಿರಣಗಳನ್ನು ಎಣಿಸುತ್ತಿದ್ದ ಊರು ಹೀಗೆ ಅವರ ಕನಸಿನ ನೆಲೆಯಾಯಿತು.

ಸಾರಾಭಾಯಿಯವರ ಕಾಲದಲ್ಲಿ ಶೋಧಕ ರಾಕೆಟಿಗೆ ಒಂದೇ ಹಾರಾಟ, ಒಂದೇ ಆಯುಷ್ಯ. ಕಷ್ಟಪಟ್ಟು ಕಟ್ಟಿದ ಯಂತ್ರವು ಕೆಲವು ನಿಮಿಷಗಳ ಕೆಲಸ ಮುಗಿಸಿ ಸಮುದ್ರದ ಪಾಲಾಗುತ್ತಿತ್ತು. ಮುಂದಿನ ಪ್ರಯೋಗಕ್ಕೆ ಮತ್ತೊಂದನ್ನು ಕಟ್ಟಬೇಕಾಗುತ್ತಿತ್ತು. ಬಡ ದೇಶಕ್ಕೆ ಈ ನಷ್ಟವು ಸಣ್ಣದಲ್ಲ. ಹಾರಿದ್ದನ್ನು ಮರಳಿ ಇಳಿಸಿ ಮತ್ತೆ ಹಾರಿಸುವ ಯತ್ನವನ್ನು ಅವರ ಉತ್ತರಾಧಿಕಾರಿಗಳು ಕೈಕೊಂಡರು. 2016ರ ಮೇ 23ರಂದು ರೆಕ್ಕೆಗಳುಳ್ಳ ವಾಹನವೊಂದನ್ನು ಶ್ರೀಹರಿಕೋಟೆಯಿಂದ ರಾಕೆಟಿನ ಮೇಲೆ ಹಾರಿಸಲಾಯಿತು. ಅದು ಭೂಮಿಯನ್ನು ಸುತ್ತದೆ, 65 ಕಿಲೋಮೀಟರ್ ಎತ್ತರಕ್ಕೆ ಏರಿ, ಬಂಗಾಳ ಕೊಲ್ಲಿಯ ಕಡೆಗೆ ತೇಲುತ್ತ ಇಳಿಯಿತು. ಆ ಯಂತ್ರವನ್ನು ರೂಪಿಸಿದ್ದು ತುಂಬಾದಲ್ಲಿ ಬೆಳೆದ, ವಿಕ್ರಮ್ ಸಾರಾಭಾಯಿಯವರ ಹೆಸರನ್ನೇ ಹೊತ್ತ ಬಾಹ್ಯಾಕಾಶ ಕೇಂದ್ರ. 2022ರ ನವೆಂಬರ್ 18ರಂದು ಹೈದರಾಬಾದಿನ ಖಾಸಗಿ ಸಂಸ್ಥೆಯೊಂದು ತಾನೇ ಕಟ್ಟಿದ ರಾಕೆಟನ್ನು 89.5 ಕಿಲೋಮೀಟರ್ ಎತ್ತರಕ್ಕೆ ಹಾರಿಸಿತು. ಅದರಲ್ಲಿ ಬೇರೆಯವರ ಮೂರು ಉಪಕರಣಗಳು ಪಯಣಿಸಿದವು. ರಾಕೆಟಿಗೆ ಇಟ್ಟ ಹೆಸರು ವಿಕ್ರಮ್-ಎಸ್.

ರೆಕ್ಕೆಯ ವಾಹನವನ್ನು ನೆಲಕ್ಕಿಳಿಸುವ ಪರೀಕ್ಷೆಗಳು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ನಡೆದವು. ಪುಷ್ಪಕ್ ಎಂಬ ಹೆಸರಿನ ಆ ವಾಹನವನ್ನು 2024ರ ಜೂನ್ 23ರಂದು ಹೆಲಿಕಾಪ್ಟರೊಂದು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು, ಓಡುಹಾದಿಯ ನೇರದಿಂದ ಬೇಕೆಂದೇ 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ಒಳಗೆ ಚಾಲಕನಿರಲಿಲ್ಲ. ವಾಹನವು ತನ್ನ ದಾರಿಯನ್ನು ತಾನೇ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲವನ್ನು ಮುಟ್ಟಿತು. ಹಿಂದೆ ಕೊಡೆಯಂತೆ ಬಿಚ್ಚಿಕೊಂಡ ಪ್ಯಾರಾಚೂಟು ಅದರ ಓಟವನ್ನು ತಗ್ಗಿಸಿತು. ಓಡುಹಾದಿಯ ಮೇಲೆ ಅದು ಇಡಿಯಾಗಿ ನಿಂತಿತು.